ಎರಡು ಸಸೆ

ಭೀಮಗೊಂಡ ಬಟ್ಟೆ ಮುಚ್ಚಿದ ಬುಟ್ಟಿಯನ್ನು ಹಿತ್ತಲ ಕಟ್ಟೆಯ ಮೇಲೆ ಇಳಿಸಿದಾಗ ಅವನ ಹೆಂಡತಿ ಚಂಪಾಬಾಯಿ ಹೊಸದಾಗಿ ಅಗೆದ ಪಾತಿಗೆ ನೀರು ಹನಿಸುತ್ತಿದ್ದಳು. ಕಲ್ಲು ಆರಿಸಿ, ಹಳೆಯ ಗೊಬ್ಬರ ಬೆರೆಸಿ, ಸುತ್ತಲೂ ಇಟ್ಟಿಗೆಯ ಚೂರು ನಿಲ್ಲಿಸಿದ್ದಳು. ಮಗಳು ತೀರಿಕೊಂಡ ಮೇಲೆ ಅವಳು ಹಿತ್ತಲಿಗೆ ಬಂದು ಮಣ್ಣು ಮುಟ್ಟಿದ್ದು ಇದೇ ಮೊದಲು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದ ಅವಳನ್ನು ನೋಡಿ ಭೀಮಗೊಂಡನಿಗೆ ಬಂದ ಕೆಲಸವೇ ಒಂದು ಗಳಿಗೆ ಮರೆತುಹೋಯಿತು.

"ಬಂದ್ರ್ಯಾ? ತೋರಸ್ರಿ, ಎಂಥಾ ಸಸಿ ತಂದೀರಿ? ಸೇವಂತಿಗಿನೋ, ಮೆಣಸಿನಕಾಯಿನೋ?"

"ಸಸಿ?"

"ನೀವ ಹೇಳಿ ಕಳಿಸಿದ್ರೆಲ್ಲ, ಎರಡು ಸಸಿ ತರ್ತೇನಿ, ಹಿತ್ತಲದಾಗ ಜಾಗಾ ಮಾಡಿಡು ಅಂತ. ಎರಡಕ್ಕ ಇಷ್ಟು ಪಾತಿ ಭಾಳಾತು ಅಂತ ನನಗೂ ಅನಸ್ತು. ಇರಲಿ, ಮುಂದ ಇನ್ನೊಂದೆರಡು ತಂದಾರು ಅಂದ್ಕೊಂಡೆ."

ಭೀಮಗೊಂಡ ಹಿಂದಕ್ಕೆ ತಿರುಗಿ ನೋಡಿದ. ಪಕ್ಕದ ಮನೆಯ ಜೋತಿಬಾ ತಂತಿಜಾಳಿಗೆಯ ಪಂಜರವನ್ನು ತಲೆಯ ಮೇಲೆ ಹೊತ್ತುಕೊಂಡು ಬರುತ್ತಿದ್ದ. ಅವನು ಕೊಲ್ಹಾಪುರ ಬಸ್ಸಿನ ಕಂಡಕ್ಟರ್. ಭೀಮಗೊಂಡ ಕೊಲ್ಹಾಪುರದ ಬೆಲ್ಲದ ಪೇಟೆಯಲ್ಲಿ ಕೆಲಸಕ್ಕಿದ್ದು, ರವಿವಾರ ಮಾತ್ರ ಗಡಹಿಂಗ್ಲಜಕ್ಕೆ ಬರುತ್ತಿದ್ದುದರಿಂದ ಗಂಡಹೆಂಡಿರ ಮಾತೆಲ್ಲ ಜೋತಿಬಾನ ಬಾಯಿಂದಲೇ ಆಚೀಚೆ ಹೋಗಬೇಕಿತ್ತು.

"ವಹಿನಿ, ನಾ ಸಸಿ ಅನ್ನಲಿಲ್ಲರಿ, ಸಸೆ ಅಂದೆ," ಎಂದು ಜೋತಿಬಾ ಪಂಜರ ಇಳಿಸಿದ. "ನಮ್ಮ ಮರಾಠಿ ಒಳಗ ಮೊಲಕ್ಕ ಸಸೆ ಅಂತೇವ್ರಿ."

"ಉಳದದ್ದೆಲ್ಲಾ ಕನ್ನಡದಾಗ ಹೇಳಿ ಅದೊಂದ ಮರಾಠಿ ಒಳಗ ಹೇಳಿದ್ರ ನನಗೇನು ಕನಸು ಬೀಳ್ತೈತೇನು?"

"ಮೊಲಾ ಅನ್ನೂ ಮಾತು ನೆನಪಿಗೆ ಬರಲಿಲ್ಲರಿ. ಡ್ರೈವರ್ ಹಾರ್ನ್ ಹೊಡ್ಯಾಕತ್ತಿದ್ದ."

ಭೀಮಗೊಂಡ ಬಟ್ಟೆ ಸರಿಸಿದ. ಒಂದು ಬಿಳಿಯದು, ಒಂದು ಬೂದಿ ಬಣ್ಣದ್ದು. ಎರಡೂ ಕಿವಿ ಬೆನ್ನಿಗೆ ಒತ್ತಿಕೊಂಡು ಒಂದಕ್ಕೊಂದು ಅಂಟಿ ಕುಳಿತಿದ್ದವು. ಪೇಟೆಯಲ್ಲಿ ಜೊತೆಗೆ ಕೆಲಸ ಮಾಡುವವನು ಕೊಟ್ಟಿದ್ದ. ಒಂದೇ ಒಯ್ದರೆ ಕೊರಗಿ ಸಾಯುತ್ತದೆ, ಜೋಡಿ ಒಯ್ಯಿ ಎಂದಿದ್ದ. ಹಿಂದೆ ಗಿಳಿ ತರಲೇ ಎಂದು ಕೇಳಿದಾಗ ಬೇಡ ಎಂದವಳು, ಕರು ಕಟ್ಟೋಣ ಎಂದಾಗ ಎದ್ದು ಹೋದವಳು, ಈ ಸಲ "ಆಗಲಿ, ತರ್ಲಿ" ಎಂದು ಹೇಳಿಕಳುಹಿಸಿದ್ದಳು. ಆ ಎರಡು ಮಾತಿನ ಬಲದ ಮೇಲೆ ಅವನು ಬಡಗಿಯ ಎದುರು ಕುಳಿತು ಬೆಕ್ಕಿನ ಪಂಜ ಹೋಗದಂಥ ಜಾಳಿಗೆ ಹೊಡೆಸಿದ್ದ. ಮಗುಚಿ ಬೀಳದಿರಲೆಂದು ಕಲ್ಲಿನ ಬಟ್ಟಲು ಹುಡುಕಿ ತಂದಿದ್ದ. ಹಾಸಲು ಗೋಣಿಚೀಲ ಒಗೆದು ಒಣಗಿಸಿದ್ದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಬುಟ್ಟಿ ಅವನ ತೊಡೆಯ ಮೇಲೆಯೇ ಇತ್ತು. ಧೋತರದ ಮೂಲಕ ತಾಗುತ್ತಿದ್ದ ಆ ಬಿಸುಪಿಗೆ ಅವನು ಎರಡು ಸಲ ಕಣ್ಣು ಒರೆಸಿಕೊಂಡಿದ್ದ.

"ಒಯ್ರಿ," ಅಂದಳು ಚಂಪಾಬಾಯಿ. "ಕಾಲಿದ್ದದ್ದು, ಬಾಯಿದ್ದದ್ದು ಏನೂ ಈ ಮನಿಗೆ ಬ್ಯಾಡ ಅಂತ ಹೇಳೇನಿ."

"ಸಸಿಗೂ ಜೀವ ಐತಿ ಅಂತ ಬಸದಿ ಪ್ರವಚನದಾಗ ಕೇಳಿ ಬಂದು ನೀನ ಹೇಳ್ತಿ."

"ಐತಿ. ಆದ್ರ ಒಣಗೂ ಮುಂದ ಅದು ಒದರೂದಿಲ್ಲ."

ಭೀಮಗೊಂಡ ಬುಟ್ಟಿಯ ಮೇಲೆ ಮತ್ತೆ ಬಟ್ಟೆ ಎಳೆದ. ಮಗಳು ಕೊನೆಯ ಸಲ ಕರೆದಾಗ ಅವನು ಕೊಲ್ಹಾಪುರದಲ್ಲಿದ್ದ. ಆ ಕೂಗನ್ನು ಕೇಳಿದವಳು ಇವಳೊಬ್ಬಳೇ. ಜೋತಿಬಾ ಮೆಲ್ಲಗೆ, "ಮುಂಜಾನೆ ಗಾಡಿಗೆ ನಾನ ಒಯ್ತೇನ್ರಿ ಅಣ್ಣಾ," ಎಂದು ಹೇಳಿ ಹೊರಟುಹೋದ. ಚಂಪಾಬಾಯಿ ಕೈ ತೊಳೆದುಕೊಂಡು, ಣಮೋಕಾರ ಮಂತ್ರ ಹೇಳುತ್ತ ಒಳಗೆ ನಡೆದಳು.

ಒಂದು ರಾತ್ರಿಯ ಮಟ್ಟಿಗಾದರೂ ಇರಲೆಂದು ಭೀಮಗೊಂಡ ಪಂಜರದಲ್ಲಿ ಚೀಲ ಹಾಸಿದ, ಬಟ್ಟಲಿಗೆ ನೀರು ತುಂಬಿದ, ಬೇಲಿಯ ಬುಡದ ಕರಿಕೆ ಹುಲ್ಲು ಕಿತ್ತು ಹಾಕಿದ. ಮೊಲಗಳು ಮೂಲೆ ಬಿಟ್ಟು ಅಲುಗಲಿಲ್ಲ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಹೊತ್ತು ಮುಳುಗಿದ ಮೇಲೆ ಆ ಜೈನರ ಮನೆಯಲ್ಲಿ ಅನ್ನವಿರಲಿ, ನೀರೂ ಬಾಯಿಗೆ ಹೋಗುವ ರೂಢಿಯಿರಲಿಲ್ಲ. ಅವನು ಬಿಸಿಲಿರುವಾಗಲೇ ಹೋಗಿ, ಅವಳು ಬಡಿಸಿದ್ದನ್ನು ಉಂಡ. ಅವಳೂ ಉಂಡಳು.

ಅವನು ಕೈ ತೊಳೆಯಲು ಹಿತ್ತಲಿಗೆ ಬಂದಾಗ ಬಿಸಿಲು ಗೋಡೆಯ ನೆತ್ತಿಗೆ ಏರಿತ್ತು. ಅವನ ಹಿಂದೆಯೇ ಚಂಪಾಬಾಯಿ ಬಂದಳು. ಪಂಜರದ ಮುಂದೆ ನಿಂತು, ಬಾಡುತ್ತಿದ್ದ ಕರಿಕೆಯನ್ನು ನೋಡಿದಳು. ಆಮೇಲೆ ಪಶ್ಚಿಮಕ್ಕೆ ನೋಡಿದಳು.

"ಏನೂ ತಿಂದಿಲ್ಲೇನು ಇವು?"

"ಹೊಸಾ ಜಾಗಾ. ಅಂಜ್ಯಾವ. ಕತ್ತಲಾತಂದ್ರ ತಾವ ತಿಂತಾವಂತ. ಇವುಕ್ಕ ರಾತ್ರಿನ ಹಸಿವಿ ಭಾಳಂತ."

ಅವಳು ಒಳಗೆ ಹೋಗಿ ಒಂದು ಹಿಡಿ ಮೆಂತ್ಯೆ ಸೊಪ್ಪು ತಂದಳು. ನೆಲಕ್ಕೆ ಕುಳಿತು ಒಂದು ಎಸಳನ್ನು ಜಾಳಿಗೆಯೊಳಗೆ ತೂರಿಸಿದಳು. ಬಹಳ ಹೊತ್ತಿನ ಮೇಲೆ ಬೂದಿ ಬಣ್ಣದ್ದು ಮುಂದೆ ಬಂದು, ಮೂಸಿ, ಎಲೆಯ ತುದಿ ಹಿಡಿದು ಎಳೆಯಿತು. ಬೆರಳು ಬಿಡದೆ ಅವಳು ಮತ್ತೊಮ್ಮೆ ಆಕಾಶ ನೋಡಿದಳು.

"ಬಿಳೇದಕ್ಕ ನೀವು ತಿನ್ನಸ್ರಿ, ಲಗೂ," ಅಂದಳು. "ಈ ಮನ್ಯಾಗ ಇರಾವ್ರು ಯಾರೂ ಕತ್ತಲಾದ ಮ್ಯಾಲ ಉಣ್ಣೂದಿಲ್ಲ."