ಅಕ್ಕನ ಪ್ರಬಂಧ

"ಅಕ್ಕನಿಗೆ ಮಾತ್ರ ಗೊತ್ತಾಗಬಾರದು," ಎನ್ನುತ್ತ ತಮ್ಮ ಅವಳ ಲ್ಯಾಪ್‌ಟಾಪನ್ನು ರಿಪೇರಿಯವನ ಮೇಜಿನ ಮೇಲಿಟ್ಟ.

ಆಮೆಯಂತೆ ತೆವಳುತ್ತದೆ ಎಂದು ಅಕ್ಕ ಗೊಣಗಿದ್ದಳು. ಉಪಕಾರ ಮಾಡಲು ಹೋಗಿ ಅವನು ಮಂಗಳವಾರ ವೇಗ ಹೆಚ್ಚಲೆಂದು ರಿಜಿಸ್ಟ್ರಿಯ ಕಸ ಅಳಿಸುವ ಯಾವುದೋ ಪ್ರೋಗ್ರಾಂ ಓಡಿಸಿದ. ಸಂಜೆ ನೋಡಿದರೆ ಅವಳ ಸಂಶೋಧನಾ ಪ್ರಬಂಧದ ಫೋಲ್ಡರೇ ಮಾಯ. ಬೇರೆ ಪ್ರತಿ ಇರಲಿಲ್ಲ. ಐದು ವರ್ಷದ ದುಡಿಮೆ. ವಿಶ್ವವಿದ್ಯಾಲಯಕ್ಕೆ ಒಪ್ಪಿಸಲು ಉಳಿದದ್ದು ಎಂಟು ದಿನ.

ಆ ಐದು ವರ್ಷವೂ ಅಕ್ಕನ ಕೋಣೆಯ ಮುಂದೆ ಮನೆಯವರು ತುದಿಗಾಲಲ್ಲಿ ಓಡಾಡಿದ್ದರು. ಸದ್ದಾಗುತ್ತದೆಂದು ಅಮ್ಮ ಹೊಲಿಗೆ ಯಂತ್ರವನ್ನು ಮಹಡಿಗೆ ಸಾಗಿಸಿದ್ದಳು. ಅವಳ ಖರ್ಚಿಗೆಂದು ತಮ್ಮ ತನ್ನ ಓದು ಬಿಟ್ಟು ಗ್ಯಾರೇಜು ಸೇರಿದ್ದ. ಈಗ ಅಮ್ಮ ಅವನ ಮುಂದೆ ತಟ್ಟೆಯಿಟ್ಟು ಮಾತಿಲ್ಲದೆ ಎದ್ದು ಹೋಗುತ್ತಿದ್ದಳು.

ಬೈಯದವಳು ಅಕ್ಕ ಒಬ್ಬಳೇ. "ಹೋಗಿದ್ದು ಹೋಯ್ತು ಬಿಡೋ. ರಿಪೇರಿ ಅಂತೆಲ್ಲ ಅಲೀಬೇಡ," ಎಂದು ತಲೆ ಸವರಿದ್ದಳು. ಅದೇ ಅವನನ್ನು ಹೆಚ್ಚು ಚುಚ್ಚಿತ್ತು.

ಮಧ್ಯಾಹ್ನ ರಿಪೇರಿಯವನು ಕನ್ನಡಕ ಹಣೆಗೇರಿಸಿದ. "ಮೂರು ದಿನ ಸುಮ್ನೆ ಕೊರಗಿದ್ದೀರ. ಆ ಪ್ರೋಗ್ರಾಂ ಇದಕ್ಕೆ ಕೈ ಹಾಕೇ ಇಲ್ಲ. ಸೋಮವಾರ ಬೆಳಗ್ಗೆನೇ ಯಾರೋ ಕೈಯಾರೆ ಅಳಿಸಿದ್ದಾರೆ. ಇರಲಿ, ಆರು ಅಧ್ಯಾಯಾನೂ ಸಿಕ್ಕಿವೆ."

ಎದೆ ಮೇಲಿನ ಬಂಡೆ ಇಳಿಯಿತು. ಮರುಗಳಿಗೆ ಇನ್ನೊಂದು ಏರಿತು. ಸೋಮವಾರ ಅವನೂ ಅಮ್ಮನೂ ಚಿಕ್ಕಮ್ಮನ ಊರಿನಲ್ಲಿದ್ದರು. ಮನೆಯಲ್ಲಿದ್ದವಳು ಅಕ್ಕ ಒಬ್ಬಳೇ.

"ನೀವೇ ಒಂದ್ಸಲ ನೋಡಿಬಿಡಿ." ರಿಪೇರಿಯವನ ದನಿ ಯಾಕೋ ತಗ್ಗಿತ್ತು.

ತಮ್ಮ ಒಂದೊಂದಾಗಿ ಆರನ್ನೂ ತೆರೆದ. ಮತ್ತೆ ಒಂದೊಂದಾಗಿ ಮುಚ್ಚಿದ.

"ಇವನ್ನ ಪೂರ್ತಿ ಅಳಿಸಿಬಿಡಿ," ಎಂದ ಕೊನೆಗೆ. "ಮತ್ತೆ ಯಾರ ಕೈಗೂ ಸಿಗಬಾರದು."

ಅವನು ರಿಪೇರಿಗೆ ಹೋದ ಗುಟ್ಟು ಮನೆಯಲ್ಲಿ ರಟ್ಟಾಗಿತ್ತು. ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಅವಳ ಹಿಂದೆ ಅಕ್ಕ, ಮುಖದಲ್ಲಿ ರಕ್ತವಿರಲಿಲ್ಲ.

"ಸಿಕ್ತೇನೋ?" ಅಮ್ಮನದು ಮೂರು ದಿನದಲ್ಲಿ ಮೊದಲ ಮಾತು.

"ಇಲ್ಲಮ್ಮ. ಎಲ್ಲಾ ನಾನೇ ಹಾಳು ಮಾಡಿಬಿಟ್ಟೆ."

ಅಮ್ಮ ಮುಖ ತಿರುಗಿಸಿ ಒಳಗೆ ಹೋದಳು. ಅಕ್ಕ ಅವನ ಕಣ್ಣನ್ನೇ ಹುಡುಕಿದಳು. ಅವನು ಲ್ಯಾಪ್‌ಟಾಪನ್ನು ಅವಳ ಕೈಗಿತ್ತ.

"ಹೀಗಾಯ್ತು ಅಂತ ಹೇಳಿ ಇನ್ನೊಂದಷ್ಟು ಕಾಲಾವಕಾಶ ಕೇಳಕ್ಕಾ," ಎಂದ ಮೆಲ್ಲಗೆ. "ನೀನು ಬರಿ, ನಾನು ಪಕ್ಕದಲ್ಲೇ ಕೂತಿರ್ತೀನಿ."

ಆರೂ ಅಧ್ಯಾಯಗಳಿಗೆ ಶೀರ್ಷಿಕೆಯಿತ್ತು; ಕೆಳಗೆ ಒಂದಕ್ಷರವೂ ಇರಲಿಲ್ಲ.