ಬೇರಿಂಗಿನ ದನಿ

ಎರಕದ ಮೇಸ್ತ್ರಿ ಸುತ್ತಿಗೆ ಎತ್ತಿದೊಡನೆ ಕಾರ್ಖಾನೆಯೆಲ್ಲ ಉಸಿರು ಬಿಗಿಹಿಡಿಯಿತು. ಇಂಜಿನ್ನಿನ ಗಾಲಿಗೆ ಹಾಕುವ ಹೊಸ ಬೇರಿಂಗನ್ನು ತಟ್ಟಿ ನೋಡುವಾಗ ಯಂತ್ರಗಳನ್ನು ನಿಲ್ಲಿಸುವುದು ಅಲ್ಲಿನ ರೂಢಿ. ಹೊರದೇಶದಿಂದ ಬೇರಿಂಗ್ ತರುತ್ತಿದ್ದ ಹಡಗುಗಳು ಯುದ್ಧದಿಂದ ನಿಂತ ಮೇಲೆ ಅದನ್ನು ಇಲ್ಲೇ ಎರೆಯಬೇಕಾಗಿತ್ತು. ಒಳ್ಳೆಯ ಲೋಹ ಸಿಗದೆ ಈವರೆಗೆ ಎರೆದದ್ದೆಲ್ಲ ಬಿರುಕುಬಿಟ್ಟಿತ್ತು. ಗಾಯಾಳುಗಳನ್ನು ಕರೆತರಬೇಕಾದ ರೈಲು ಇದೊಂದಕ್ಕಾಗಿ ಕಾದು ನಿಂತಿತ್ತು. ಆ ಗಾಯಾಳುಗಳಲ್ಲಿ ಮೇಸ್ತ್ರಿಯ ಮಗನೂ ಇದ್ದ.

ತಟ್ಟಿದ. ಗಂಟೆಯಂತೆ ಮೊಳಗಬೇಕಾದದ್ದು ಒಡಕು ಮಡಕೆಯಂತೆ ಬೊದ್ ಎಂದಿತು.

“ಹಾಕ್ಬಿಡು ಭಾವ,” ಎಂದ ಇಂಜಿನ್ ಡ್ರೈವರ್, ಮೇಸ್ತ್ರಿಯ ಹೆಂಡತಿಯ ತಮ್ಮ. “ನನ್ನ ಇಂಜಿನ್ನು ನನಗಿಂತ ಗಟ್ಟಿಪಿಂಡ. ಹೇಗೋ ಹೋಗಿ ಬರ್ತೀನಿ. ಮಗನ್ನ ಕರ್ಕೊಂಡು ಬರದೆ ಅಕ್ಕನಿಗೆ ಹೇಗೆ ಮುಖ ತೋರಿಸ್ಲಿ?”

“ಹೋಗೋವಾಗ ಖಾಲಿ ಗಾಡಿ, ತಡೆದೀತು ಕಣೋ. ಬರೋವಾಗ ಎಷ್ಟೋ ಮನೆ ಮಕ್ಕಳು ಅದರಲ್ಲಿರ್ತಾರೆ.”

ಕೆಟ್ಟ ಎರಕವನ್ನು ಎರೆದವನೇ ಒಡೆಯಬೇಕು. ಮೇಸ್ತ್ರಿ ದೇವರನ್ನು ನೆನೆದು, ದೊಡ್ಡ ಸುತ್ತಿಗೆಯಿಂದ ಒಂದೇ ಏಟು ಹಾಕಿದ. ಆಮೇಲೆ ಮಂಡಿಯೂರಿ, ನಿದ್ದೆಹೋದ ಕೂಸನ್ನು ಎತ್ತುವ ಹಾಗೆ ಚೂರುಗಳನ್ನು ಎರಡೂ ಕೈಯಿಂದ ಎತ್ತಿ ಮತ್ತೆ ಕರಗಿಸಲು ಮೂಸೆಗೆ ಹಾಕಿದ. ಯಂತ್ರಗಳನ್ನು ಶುರುಮಾಡಲು ಯಾರಿಗೂ ಕೈ ಬರಲಿಲ್ಲ.