ಬಿಟ್ಟ ಸ್ಥಳ

ಗಂಡನ ಮೊದಲ ಹೆಂಡತಿ ಹೆರಿಗೆಯಲ್ಲೇ ತೀರಿಕೊಂಡಾಗ, ಅವಳ ಕೂಸನ್ನು ಎದೆಗವಚಿಕೊಂಡು ಬೆಳೆಸಿದವಳು ಪ್ರಮೀಳಾ. ಆ ಮಗಳು ಈಗ ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿದ್ದಳು. ಒಮ್ಮೆಯಾದರೂ ಅವಳ ಬಾಯಲ್ಲಿ ‘ಅಮ್ಮ’ ಅನ್ನಿಸಿಕೊಳ್ಳಬೇಕೆಂಬ ಆಸೆ ಮಾತ್ರ ಪ್ರಮೀಳಾಳಲ್ಲಿ ಹಾಗೇ ಉಳಿದಿತ್ತು.

ಅವತ್ತು ಕಾಫಿ ತಂದಿಟ್ಟು, ಮಗಳ ಪರದೆಯತ್ತ ಬಗ್ಗಿ ನೋಡಿದಳು.

“ಏನೇ ಅದು?”

“ನನ್ನ ವಿವರ ಎಲ್ಲ ಸೇರಿಸಿ ಒಂದೇ ಗಂಟು ಕಟ್ಟೋ ಪ್ರೋಗ್ರಾಂ. ಹೆಸರು, ಊರು, ಅಪ್ಪ, ಅಮ್ಮ ಅಂತ ಜಾಗ ಇದೆ. ನಾವು ತುಂಬಿದ್ದು ತುಂಬಿದ ಹಾಗೇ ಇರುತ್ತೆ. ಬಿಟ್ಟಿದ್ದನ್ನ ಕಂಪ್ಯೂಟರೇ ಖಾಲಿ ಅಂತ ತಗೊಳ್ಳುತ್ತೆ.”

“ಯಾಕೆ ಬಿಟ್ಟೆ ಅಂತ ಬೈಯಲ್ವಾ?”

“ಇಲ್ಲಪ್ಪ. ನಿನ್ನ ಹಾಗೇ ತೆಪ್ಪಗಿರುತ್ತೆ,” ಎಂದು ಹುಡುಗಿ ನಕ್ಕಳು.

ಪ್ರಮೀಳಾಳೂ ನಕ್ಕಳು. ಕನ್ನಡಕ ಸರಿಮಾಡಿಕೊಂಡು ಓದಿದಳು. ಹೆಸರಿತ್ತು, ಊರಿತ್ತು, ಅಪ್ಪ ಇದ್ದರು. ಅಮ್ಮನನ್ನು ಮಾತ್ರ ಬರೆದೇ ಇರಲಿಲ್ಲ. ತೀರಿಕೊಂಡವಳ ಹೆಸರೂ ಅಲ್ಲಿ ಇಲ್ಲದ್ದು ಕಂಡು ಅವಳ ಎದೆ ಒಮ್ಮೆಲೇ ಹಗುರಾಯಿತು.

“ಅಮ್ಮನ ಜಾಗ ತುಂಬೋದು ಮರೆತುಬಿಟ್ಟಿದ್ದೀಯಲ್ಲೇ,” ಎಂದಳು ಮೆಲ್ಲಗೆ.

“ಮರೆತಿಲ್ಲ ಚಿಕ್ಕಮ್ಮ. ಅಲ್ಲಿ ಬರಬೇಕಾದ್ದೇ ಖಾಲಿ. ಅದಕ್ಕೇ ಬರೀಲಿಲ್ಲ.”